ಮುಷ್ಕರದವರಿಗೆ ಅಡುಗೆ ಮಾಡಿದವರು

ಅವ್ವನ ಅಮೆರಿಕದ ಪೌರತ್ವಕ್ಕೆ ಅಪ್ಲೈ ಮಾಡಿದ ಮೇಲೆ ಅವಳನ್ನು ಪರೀಕ್ಷೆಗೆ ತಯಾರು ಮಾಡುವ ಕೆಲಸ ನನ್ನ ಮೇಲೆ ಬಿತ್ತು. ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾದಲ್ಲಿ ಶನಿವಾರ ಬೆಳಿಗ್ಗೆ ಅದಕ್ಕೊಂದು ತರಗತಿ ನಡೆಯುತ್ತಿತ್ತು. ಕೋವಿಡ್ ಹಿಂದೆ ಸರಿದು, ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿ ಮತ್ತೆ ಒಂದೇ ಕೋಣೆಯಲ್ಲಿ ಕೂರಲು ಧೈರ್ಯ ಮಾಡುತ್ತಿದ್ದ ಕಾಲ ಅದು. ವಾರವಿಡೀ ಕ್ಲಿನಿಕ್ಕಿನಲ್ಲಿ ಬೇರೆಯವರ ಮೊಣಕಾಲು ಮಡಿಸಿ ಬಿಡಿಸುವ ಫಿಸಿಯೋಥೆರಪಿ ಕೆಲಸ ನನ್ನದು. ಶನಿವಾರ ಒಂದಿಷ್ಟು ಹೆಚ್ಚು ಮಲಗೋಣವೆಂದರೆ ಅವ್ವ ಬೆಳಿಗ್ಗೆಯೇ ಸೀರೆ ಉಟ್ಟು, ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳಿಗೆ ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು. ಉಳಿದ ಅರ್ಧ ಹೇಳಲು ನಾನು ಪಕ್ಕದಲ್ಲಿ ಕೂರಬೇಕಿತ್ತು.

ಪಾಠ ಹೇಳುತ್ತಿದ್ದವರು ನಿವೃತ್ತರಾದ ಚರಿತ್ರೆಯ ಮೇಡಂ. ಪರೀಕ್ಷೆಗೆ ಬೇಕಾದ್ದಕ್ಕಿಂತ ಹೆಚ್ಚು ಹೇಳದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಒಮ್ಮೆ ರಾಷ್ಟ್ರೀಯ ರಜಾದಿನಗಳ ಪ್ರಶ್ನೆ ಬಂತು. ಕಾರ್ಮಿಕರ ದಿನ ಎಂದು ಉತ್ತರ ಬರೆದು ಮುಂದೆ ಹೋಗಬಹುದಿತ್ತು. ಅವರು ಇಡೀ ಬೆಳಗು ಅದನ್ನೇ ಹೇಳಿದರು. ಹತ್ತಿಗಿರಣಿಗಳಲ್ಲಿ ಕತ್ತಲಾಗುವವರೆಗೆ ನಿಂತೇ ದುಡಿಯುತ್ತಿದ್ದ ಹುಡುಗಿಯರು, ಕಲ್ಲಿದ್ದಲ ಗಣಿಯ ಗಂಡಸರು, ಒಬ್ಬರೇ ಕೇಳಿದರೆ ಕೆಲಸ ಹೋಗುತ್ತದೆಂದು ಹೆದರಿ ಎಲ್ಲರೂ ಸೇರಿ ಸಂಘ ಕಟ್ಟಿದ್ದು, ಮಾಲೀಕರು ಗೇಟು ಮುಚ್ಚಿದ್ದು. ಕಂಪನಿಯ ಮನೆಗಳಿಂದ ಹೊರಹಾಕಿದಾಗ ಚಳಿಗಾಲವನ್ನು ಡೇರೆಗಳಲ್ಲೇ ಕಳೆದವರಿದ್ದರಂತೆ. ದಿನಕ್ಕೆ ಎಂಟು ಗಂಟೆ ಕೆಲಸ ಎಂಬುದು ತಾನಾಗಿ ಬಂದದ್ದಲ್ಲ ಎಂದರು. ನಾನು ಪಿಸುದನಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ತಿಂಗಳುಗಟ್ಟಲೆ ಸಂಬಳವಿರಲಿಲ್ಲ ಎಂಬಲ್ಲಿಗೆ ಬಂದಾಗ ಅವ್ವ ನನ್ನ ಮೊಣಕೈ ಚಿವುಟಿದಳು.

“ಅಷ್ಟೂ ಜನಕ್ಕೆ ಅಡಿಗಿ ಯಾರ್ ಮಾಡ್ತಿದ್ರು, ಕೇಳು.”

ನನಗೆ ಸಂಕೋಚವಾಯಿತು, ಆದರೂ ಕೇಳಿದೆ. ಮೇಡಂ ಕನ್ನಡಕ ತೆಗೆದು ಸ್ವಲ್ಪ ಯೋಚಿಸಿ, ಒಳ್ಳೆಯ ಪ್ರಶ್ನೆ, ಹುಡುಕಿಕೊಂಡು ಬರುತ್ತೇನೆ ಎಂದರು. ಮುಂದಿನ ವಾರ ಒಂದು ದಪ್ಪ ಪುಸ್ತಕ ತಂದರು. ಅದರಲ್ಲೊಂದು ಹಳೆಯ ಫೋಟೋ. ಅಂಗಿಯ ತೋಳು ಮೇಲಕ್ಕೆ ಮಡಿಸಿದ ಹೆಂಗಸರು ದೊಡ್ಡ ಪಾತ್ರೆಯ ಸುತ್ತ ನಿಂತಿದ್ದಾರೆ, ಬೆಂಚಿನ ಮೇಲೆ ಮಕ್ಕಳು ಬಟ್ಟಲು ಹಿಡಿದು ಕೂತಿದ್ದಾರೆ.

ಅವ್ವ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವಳಾಗಿಯೇ ಹೇಳತೊಡಗಿದಳು. ನನ್ನ ಅಪ್ಪ ದಾವಣಗೆರೆಯ ಹತ್ತಿಗಿರಣಿಯಲ್ಲಿ ನೂಲು ತೆಗೆಯುವ ವಿಭಾಗದಲ್ಲಿದ್ದ. ಅವನ ಮುಷ್ಕರದ ಕಥೆ ನಾನು ಕೇಳುತ್ತಲೇ ಬೆಳೆದವಳು. ಅದರಲ್ಲಿ ಭಾಷಣ, ಮೆರವಣಿಗೆ, ಪೊಲೀಸ್ ಠಾಣೆ ಎಲ್ಲ ಇದ್ದವು. ಸಂಘದ ಕಚೇರಿಯ ಹಿತ್ತಲಲ್ಲಿ ಒಲೆ ಹೂಡಿ, ಹೊಸದಾಗಿ ಮದುವೆಯಾಗಿದ್ದ ಅವ್ವ ಓಣಿಯ ಹೆಂಗಸರ ಜೊತೆ ಎಲ್ಲರಿಗೂ ಬೇಯಿಸುತ್ತಿದ್ದಳು ಎಂಬುದು ಮಾತ್ರ ಇರಲಿಲ್ಲ. ಮಾರುಕಟ್ಟೆಯ ಹಮಾಲರು ಅಕ್ಕಿ ಕೊಡುತ್ತಿದ್ದರಂತೆ. ಕಡಿಮೆ ಬಿದ್ದಾಗ ನುಚ್ಚಿನ ಗಂಜಿ. ನೀವು ಯಾವಾಗ ಉಣ್ಣುತ್ತಿದ್ದಿರಿ ಎಂದು ಮೇಡಂ ಕೇಳಿದರು.

“ಕಡೀಗೆ,” ಎಂದಳು ಅವ್ವ. “ಕೆಲವು ದಿನ ತಳ ಕೆರದಿದ್ದೇ ನಮ್ಮ ಪಾಲು.”

ಅದನ್ನು ಇಂಗ್ಲಿಷಿಗೆ ತರುವಾಗ ನಾನು ಕೈಯಿಂದ ಪಾತ್ರೆಯ ತಳ ಕೆರೆದಂತೆ ಮಾಡಿ ತೋರಿಸಿದೆ.

ಆ ಬೇಸಿಗೆಯಲ್ಲಿ ನಗರದ ಹೋಟೆಲುಗಳಲ್ಲಿ ಕೋಣೆ ಸ್ವಚ್ಛ ಮಾಡುವವರು, ಅಡುಗೆಯವರು ಮುಷ್ಕರಕ್ಕಿಳಿದರು. ಮೇಡಂ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರಲ್ಲಿದ್ದಳು. ಭಾನುವಾರ ತಾನು ಅಲ್ಲಿಗೆ ಹೋಗುತ್ತೇನೆಂದು ಮೇಡಂ ಹೇಳಿದ್ದೇ ತಡ, ಅವ್ವ ನಾವೂ ಹೋಗೋಣ ಎಂದಳು. ಬರಿಗೈಯಲ್ಲಿ ಹೋಗುವ ಮಾತೇ ಇರಲಿಲ್ಲ. ಪಯೋನಿಯರ್ ಬೀದಿಯ ಇಂಡಿಯನ್ ಅಂಗಡಿಯಿಂದ ಮಂಡಕ್ಕಿ ತಂದು, ಬೆಳ್ಳುಳ್ಳಿ, ಶೇಂಗಾ, ಹುರಿಗಡಲೆ ಹಾಕಿ ದಾವಣಗೆರೆಯ ಖಾರ ಮಂಡಕ್ಕಿ ಮಾಡಿದಳು. ಖಾರ ಕಡಿಮೆ ಇರಲಿ ಎಂದು ನಾನಂದದ್ದು ಅವಳ ಕಿವಿಗೆ ಬೀಳಲಿಲ್ಲ.

ಹೋಟೆಲಿನ ಮುಂದೆ ಹೆಂಗಸರು ಪ್ಲಾಸ್ಟಿಕ್ ಬಕೆಟ್ ಬಡಿಯುತ್ತಾ ಸುತ್ತು ಹಾಕುತ್ತಿದ್ದರು. ನಮಗಿಂತ ಮೊದಲೇ ಅಲ್ಲಿ ಊಟ ಬಂದಿತ್ತು. ಮೇಜಿನ ತುಂಬ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ, ನಮ್ಮ ಕಡುಬಿನಂಥ ಟಮಾಲೆಗಳು. ಅವ್ವನ ಮುಖ ಸಣ್ಣಗಾಯಿತು. ಊಟ ನೋಡಿಕೊಳ್ಳುತ್ತಿದ್ದ ಮೆಕ್ಸಿಕೋದ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು, ನಮ್ಮ ಡಬ್ಬಿಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಹುಬ್ಬೇರಿಸಿದಳು. ಆಮೇಲೆ ಒಂದಷ್ಟನ್ನು ತಟ್ಟೆಗೆ ಸುರಿದು ನಿಂಬೆ ಹಿಂಡಿ, ಬಾಟಲಿಯಿಂದ ಕೆಂಪು ಸಾಸ್ ಹಾಕಿ ಕಲಸಿದಳು. ಯಾರೋ ತನ್ನ ಒಲೆಗೇ ಕೈ ಹಾಕಿದಂತೆ ಅವ್ವ ನೋಡುತ್ತಿದ್ದಳು. ತಿಂದು ನೋಡಿದ ಮೇಲೆ ಆ ಬಾಟಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಮಧ್ಯಾಹ್ನದವರೆಗೆ ಇಬ್ಬರೂ ಒಬ್ಬರ ಪಕ್ಕ ಒಬ್ಬರು ನಿಂತು ಬಡಿಸಿದರು. ಒಬ್ಬಳದು ಸ್ಪ್ಯಾನಿಷ್, ಇನ್ನೊಬ್ಬಳದು ಕನ್ನಡ. ಸಾಲು ಕರಗುವ ಹೊತ್ತಿಗೆ ತಟ್ಟೆಗಳು ಖಾಲಿಯಾಗುತ್ತಿದ್ದವು. ಅವ್ವ ಕೊನೆಯ ಎರಡು ಟಮಾಲೆ ತೆಗೆದು ಬೇರೆ ಇಟ್ಟು, ಕುರ್ಚಿ ಎಳೆದು ಆ ಹೆಂಗಸಿನ ಭುಜ ಹಿಡಿದಳು.

“ಮೊದ್ಲು ನೀನು ಕೂತು ಉಣ್ಣು. ಉಳಿದಿದ್ದು ನಾನು ಬಡಸ್ತೀನಿ.”

ಸ್ಪ್ಯಾನಿಷ್ ಬಲ್ಲ ಮೇಡಂ ಅವರನ್ನು ಕರೆದು ಹೇಳಿಸೋಣವೆಂದು ನಾನು ತಿರುಗುವಷ್ಟರಲ್ಲಿ ಆ ಹೆಂಗಸು ಕೂತು ತಿನ್ನುತ್ತಿದ್ದಳು.

ಹಿಂತಿರುಗಿ ಡ್ರೈವ್ ಮಾಡುವಾಗ, ನಮ್ಮೂರ ಮುಷ್ಕರ ಕೊನೆಗೆ ಏನಾಯಿತು ಎಂದು ಕೇಳಿದೆ. ಹೆಚ್ಚೇನೂ ಸಿಗಲಿಲ್ಲವಂತೆ. ಕೆಲವರನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಅವರಲ್ಲಿ ಅಪ್ಪನೂ ಒಬ್ಬ. ಅವನು ಬಟ್ಟೆ ಅಂಗಡಿ ಸೇರಿದ್ದು ಹಾಗೆ. ಹಾಗಾದರೆ ಎಲ್ಲ ವ್ಯರ್ಥವಾಯಿತಲ್ಲ ಎಂದೆ.

“ವ್ಯರ್ಥ ಯಾಕಾಗ್ತತಿ? ನೀನು ಹುಟ್ಟಿದಾಗ ನನ್ನ ಬಾಣಂತನ ಮಾಡಿದ್ದು ಆ ಹಿತ್ತಲದ ಹೆಂಗಸರೇ,” ಎಂದು ಅವ್ವ ಕಿಟಕಿಯ ಕಡೆ ತಿರುಗಿದಳು.

ಅವ್ವ ಪರೀಕ್ಷೆ ಪಾಸಾದಳು. ಅದಾಗಿ ಸ್ವಲ್ಪ ಕಾಲಕ್ಕೆ ಮೇಡಂ ಫೋನ್ ಮಾಡಿ, ಆ ಹೋಟೆಲಿನಲ್ಲಿ ಒಪ್ಪಂದವಾಯಿತು, ಸಂಬಳ ಏರಿತು ಎಂದರು. ಎಲ್ಲರನ್ನೂ ವಾಪಸ್ ತಗೊಂಡರಾ ಎಂದು ಅವ್ವ ನನ್ನಿಂದ ಕೇಳಿಸಿದಳು. ಎಲ್ಲರನ್ನೂ ಎಂದು ಉತ್ತರ ಬಂತು. ಅವಳು ಒಲೆ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿಮ್ಮಪ್ಪ ಇದ್ದಿದ್ರೆ ಇವತ್ತು ಓಣಿ ತುಂಬ ಹೇಳ್ಕಂಡು ಬರ್ತಿದ್ದ,” ಎಂದಳು.