ಚಕ್ಕಡಿ ನಡೆಯುವ ತನಕ ದಾರಿ

ಹೊರ್ತಿ ದಾಟಿ ಇಂಡಿ ಪಟ್ಟಣದ ಕಡೆಗೆ ಹೋಗುವ ಡಾಂಬರು ರಸ್ತೆಯ ಪಕ್ಕದಲ್ಲಿ ಆರಿಫನ ಟೆಂಪೊ ನಿಂತಿದೆ. ಮೂಡಣ ಈಗಷ್ಟೇ ಬೆಳ್ಳಗಾಗುತ್ತಿದೆ. ಹೊತ್ತೇರುವ ಮೊದಲೇ ಲಿಂಬೆ ಪೇಟೆ ಮುಟ್ಟಬೇಕಾದ ಟೆಂಪೊ ಅದು. ಆದರೂ ಎಂಜಿನ್ ಆರಿಸಿ, ಚಹಾದ ಕಪ್ಪು ಹಿಡಿದು, ಆರಿಫ ಶ್ರೀಶೈಲಪ್ಪ ಸಾವಕಾರರ ದ್ರಾಕ್ಷಿ ತೋಟದತ್ತಲೇ ಕಣ್ಣು ನೆಟ್ಟಿದ್ದಾನೆ. ತೋಟಕ್ಕೂ ಪಕ್ಕದ ಒಡ್ಡಿಗೂ ನಡುವೆ ಒಂದು ಚಕ್ಕಡಿ ಹಿಡಿಯುವಷ್ಟು ಅಗಲದ ಪಟ್ಟಿ ಇದೆ. ಅದರ ಗುಂಟ ಮೊದಲು ಗೆಜ್ಜೆ ಸದ್ದು ಕೇಳಿಸುತ್ತದೆ, ಆಮೇಲೆ ಎತ್ತುಗಳ ಕೋಡು ಕಾಣುತ್ತವೆ, ಕಡೆಗೆ ಲಿಂಬೆಹಣ್ಣಿನ ಚೀಲ ಹೇರಿದ ಚಕ್ಕಡಿ. ಅದರ ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಡೆದು ಬರುವವನು ಚಂದ್ರಾಮ. ಹೇರಿದ ಚಕ್ಕಡಿಯ ಮೇಲೆ ಅವನು ಕೂರುವುದಿಲ್ಲ.

“ಕಾಕಾ, ಪ್ಯಾಟಿ ಎದ್ದು ಹೋಗೂದ್ರೊಳಗ ಬಂದ್ರಿ, ಪುಣ್ಯಾ ನೋಡ್ರಿ!” ಎಂದು ಆರಿಫ ಛೇಡಿಸುತ್ತಾನೆ.

“ಎತ್ತಿಗೆ ಗೇರ್ ಇಲ್ಲೋ ಮಗನ. ಇದ್ದಿದ್ರ ನಿನ್ನ ಟೆಂಪೋ ಯಾರ್ ಕೇಳತಿದ್ರು?” ಎನ್ನುತ್ತ ಚಂದ್ರಾಮ ಮೊದಲ ಚೀಲಕ್ಕೆ ಹೆಗಲು ಕೊಡುತ್ತಾನೆ.

ವಯಸ್ಸು ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ ಹೆಂಡತಿ ಗುಂಡವ್ವನ ಮುಖ ನೋಡುತ್ತಾನೆ, ಆಕೆ ಎತ್ತುಗಳ ಮುಖ ನೋಡಿ ನಗುತ್ತಾಳೆ. ತೋಟದಾಚೆ ಒಳಗಿನ ಹೊಲದವರ ಲಿಂಬೆ, ಉಳ್ಳಾಗಡ್ಡಿ, ತೊಗರಿ ಹೊರಗೆ ಬರುವುದು ಇವನ ಚಕ್ಕಡಿಯಲ್ಲಿ. ಗೊಬ್ಬರ, ಪೈಪು, ಬೀಜದ ಚೀಲ ಒಳಗೆ ಹೋಗುವುದೂ ಇದರಲ್ಲೇ. ಹೋದ ಬೇಸಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮುದುಕಿಯೊಬ್ಬಳನ್ನು ಹಾಸಿಗೆ ಸಮೇತ ರಸ್ತೆಗೆ ತಂದು ಮುಟ್ಟಿಸಿದ್ದೂ ಇದೇ. ಇಷ್ಟೆಲ್ಲ ದುಡಿಯುವ ಚಂದ್ರಾಮನಿಗೆ ಒಳಗೂ ಹೊಲವಿಲ್ಲ, ಹೊರಗೂ ಹೊಲವಿಲ್ಲ. ಇರುವುದು ಚಕ್ಕಡಿ, ಎರಡು ಎತ್ತು, ಊರೊಳಗೊಂದು ಪತ್ರಾಸಿನ ತಗಡು ಹೊದಿಸಿದ ಮನೆ.

ಹೇರು ಇಲ್ಲದ ದಿನವೂ ಅವನು ಎತ್ತು ಹೂಡುತ್ತಾನೆ. ಖಾಲಿ ಚಕ್ಕಡಿಯನ್ನು ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೊಡೆದುಕೊಂಡು ಹೋಗಿ, ತಿರುಗಿಸಿ, ಮತ್ತೆ ಹೊರಗೆ ತರುತ್ತಾನೆ. ಗೊತ್ತಿಲ್ಲದವರು ನೋಡಿದರೆ ಈ ಮನುಷ್ಯನ ತಲೆ ನೆಟ್ಟಗಿದೆಯೇ ಎಂದುಕೊಳ್ಳಬೇಕು. ಗೊತ್ತಿದ್ದವರು ಮಾತಾಡುವುದಿಲ್ಲ. ಏಕೆಂದರೆ ಆ ಚಕ್ಕಡಿ ನಿಂತ ದಿನ ದಾರಿಯೂ ಇಲ್ಲ, ದಾರಿ ಹೋದ ದಿನ ಒಳಗಿನ ನಾಲ್ಕು ಮನೆತನಗಳ ಹೊಲ ಇದ್ದೂ ಇಲ್ಲದಂತೆ.

ನಕಾಶೆ ಬಿಚ್ಚಿದರೆ ಅಲ್ಲಿ ಈ ದಾರಿ ಕಾಣುವುದಿಲ್ಲ. ಸುತ್ತಲೂ ಬೇರೆಯವರ ಹೊಲ, ನಡುವೆ ಸಿಕ್ಕಿಕೊಂಡ ಹೊಲ. ನಡೆದಾಡಲು ಯಾರಾದರೂ ಜಾಗ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಂದಗಿಗೆ ಹೋಗಿ, ಮುದ್ದೇಬಿಹಾಳಕ್ಕೆ ಹೋಗಿ, ಬಸವನ ಬಾಗೇವಾಡಿಗೆ ಹೋಗಿ, ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಕೂತವರನ್ನು ಮಾತಾಡಿಸಿದರೆ ಇಂಥದೇ ಕಥೆ ಹೇಳುವವರು ಸಿಗುತ್ತಾರೆ. ಅಜ್ಜಂದಿರು ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಮೊಮ್ಮಕ್ಕಳು ವಕೀಲರ ಕೈಯಲ್ಲಿ ಹುಡುಕಿಸುತ್ತಿರುತ್ತಾರೆ.

ಇಲ್ಲಿಯ ಜಗಳ ಶುರುವಾದದ್ದು ಟ್ರ್ಯಾಕ್ಟರಿನಿಂದ. ಒಳಗೆ ಲಿಂಬೆ ತೋಟವಿರುವ ಸುನಂದಾ, ಗಂಡ ತೀರಿಕೊಂಡ ಮೇಲೆ ತಾನೇ ಒಕ್ಕಲುತನ ನಡೆಸುತ್ತಿರುವ ಹೆಣ್ಣುಮಗಳು. ಒಂದು ಮಳೆಗಾಲದಲ್ಲಿ ತಿಪ್ಪೆಗೊಬ್ಬರ ಹೇರಿದ ಟ್ರ್ಯಾಕ್ಟರು ತರಿಸಿದಳು. ಹಸಿ ಎರೆ ಮಣ್ಣು ಸುಮ್ಮನೆ ಬಿಟ್ಟೀತೇ? ಟ್ರೇಲರು ಅಚ್ಚಿನ ತನಕ ಹೂತು ಕುಳಿತಿತು. ಅದನ್ನು ಎಬ್ಬಿಸುವ ಗಡಿಬಿಡಿಯಲ್ಲಿ ಡ್ರೈವರ್ ಒಡ್ಡನ್ನೇ ಕಡಿದ. ಆ ದಿನ ಸಂಜೆ ಸುರಿದ ಮಳೆಯ ನೀರೆಲ್ಲ ಶ್ರೀಶೈಲಪ್ಪನವರ ದ್ರಾಕ್ಷಿಯ ಬುಡಕ್ಕೆ ನುಗ್ಗಿತು. ಮರುದಿನ ಪಟ್ಟಿಯ ಬಾಯಿಗೆ ಜಾಲಿಕಂಟಿ ಬಿದ್ದಿತ್ತು.

“ತಪ್ಪು ನಮ್ದ ಇತ್ರಿ. ಇಲ್ಲಾ ಅನ್ನಂಗಿಲ್ಲ. ಆದ್ರ ತಪ್ಪಿಗೆ ಕಂಟಿ ಹಚ್ಚಿದ್ರ ಗಿಡದಾಗಿನ ಹಣ್ಣು ಏನ್ ಹಾರಿ ಬರ್ತಾವೇನ್ರಿ?” ಎನ್ನುತ್ತಾಳೆ ಸುನಂದಾ. ಆ ಸಲ ಅವಳ ಹಣ್ಣು ಗಿಡದ ಬುಡದಲ್ಲೇ ಕೊಳೆತವು.

ಸುನಂದಾ ಅರ್ಜಿ ಹಾಕಿದ ಮೇಲೆ ಅಧಿಕಾರಿಗಳು ಬಂದು ನೋಡಿದರು, ನಕಾಶೆಯಲ್ಲಿ ದಾರಿಯಿಲ್ಲವೆಂದು ಹೇಳಿ ಹೋದರು. ಕಡೆಗೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಶ್ರೀಶೈಲಪ್ಪ ಕೆಟ್ಟವರಲ್ಲ, ಕೊಟ್ಟ ಮಾತಿಗೆ ನಿಲ್ಲುವ, ಕೊಡದ ಮಾತಿಗೆ ಒಂದು ಗೇಣೂ ಸರಿಯದ ಮನುಷ್ಯ. ಅವರು ಎದ್ದು ನಿಂತು ಹೇಳಿದರು: “ನಮ್ಮಜ್ಜ ದಾರಿ ಕೊಟ್ಟಾನ, ಖರೆ. ಯಾದಕ್ಕ ಕೊಟ್ಟಾನ? ಚಕ್ಕಡಿಗೆ ಕೊಟ್ಟಾನ. ಚಕ್ಕಡಿ ನಡಿಯೂತನಕ ದಾರಿ. ಚಕ್ಕಡಿ ನಿಂತಿತಂದ್ರ ಅದು ನನ್ನ ಹೊಲ, ಬಿತ್ತಿ ಬೆಳಕೊಂತೇನಿ. ಟ್ರ್ಯಾಕ್ಟರಿನ ಹೆಸರು ಮಾತ್ರ ನನ್ನ ಮುಂದ ತೆಗೀಬ್ಯಾಡ್ರಿ.”

ಎಲ್ಲರೂ ತಲೆದೂಗಿದರು. ನ್ಯಾಯವಾದ ಮಾತು, ಇನ್ನೇನು ಬೇಕು? ಎಲೆ ಅಡಿಕೆ ಹಾಕಿಕೊಂಡು ಏಳುವಾಗ ಯಾರೋ ಒಬ್ಬರು, “ಅಲ್ರೀ, ಚಕ್ಕಡಿ ಯಾರ್ ಮನ್ಯಾಗ ಐತಿ?” ಎಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮನೆಗೊಂದು ಚಕ್ಕಡಿಯಿದ್ದ ಊರಿನಲ್ಲಿ ಉಳಿದದ್ದು ಒಂದೇ ಒಂದು, ಚಂದ್ರಾಮನದು. ಅದನ್ನೂ ಅವನು ಹೆದ್ದಾರಿಯ ಢಾಬಾದವನೊಬ್ಬನಿಗೆ ಮಾರಲು ಒಪ್ಪಿದ್ದ. ಬಣ್ಣ ಬಳಿದು, ಬಲ್ಬಿನ ಸರ ಹಾಕಿ, ಬಾಗಿಲ ಮುಂದೆ ನಿಲ್ಲಿಸುತ್ತಾರಂತೆ; ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ.

ಆ ಸಂಜೆ ಸುನಂದಾ ಚಂದ್ರಾಮನ ಮನೆಯ ಹೊಸ್ತಿಲಲ್ಲಿ ಬಂದು ಕೂತಳು. ಏನೂ ಕೇಳಲಿಲ್ಲ. ಗುಂಡವ್ವ ಕೊಟ್ಟ ಚಹಾವನ್ನೂ ಕುಡಿಯಲಿಲ್ಲ. ಮರುದಿನ ಚಂದ್ರಾಮ ಢಾಬಾದವನಿಗೆ ಬಯಾನಾದ ಮುಂಗಡ ಹಣ ವಾಪಸ್ಸು ಮಾಡಿ ಬಂದ. “ಅವಾ ಬೈದಾ. ಬೈಸ್ಕೊಂಡ್ ಬಂದ್ನಿ. ಏನ್ ಮಾಡೂದ್ರಿ, ಹೆಣ್ಮಗಳು ಹೊಸ್ತಿಲದಾಗ ಕುಂತ್ರ ಗಂಟಲದಾಗ ಅನ್ನ ಇಳಿತೈತೇನ್ರಿ?” ಎಂದು ಇಂದಿಗೂ ತಾನೇ ಏನೋ ತಪ್ಪು ಮಾಡಿದವನಂತೆ ಹೇಳುತ್ತಾನೆ.

ಹೀಗೆ ನಾಲ್ಕು ಮನೆತನಗಳ ಬದುಕು ಒಬ್ಬನ ಎರಡು ಎತ್ತುಗಳ ಮೇಲೆ ಬಂದು ನಿಂತಿತು. ಎತ್ತುಗಳಿಗೆ ಚರ್ಮಗಂಟು ರೋಗ ಬಂದ ವರ್ಷ ಅದು ಎಷ್ಟು ಸಣ್ಣ ಆಸರೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಒಂದು ಎತ್ತು ಸತ್ತೇ ಹೋಯಿತು. ಇನ್ನೊಂದು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ರೋಗ ತಾಗಿದ ಕೊಟ್ಟಿಗೆಗೆ ತಮ್ಮ ಎತ್ತು ಕೊಡಲು ಸುತ್ತಲ ಊರಿನವರು ಯಾರೂ ಒಪ್ಪಲಿಲ್ಲ, ಅವರನ್ನು ದೂರುವಂತೆಯೂ ಇರಲಿಲ್ಲ. ಒಳಗಿನವರು ಲಿಂಬೆಯನ್ನು ತಲೆಯ ಮೇಲೆ ಹೊತ್ತು ತಂದರು. ಹೊತ್ತು ತಂದರೆ ಹಣ್ಣು ಪೇಟೆ ಮುಟ್ಟೀತು, ಚಕ್ಕಡಿ ನಡೆದಂತಾಗಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಲಿಯ ಗೆರೆ ಮುಚ್ಚಿ ಪಟ್ಟಿಯ ತುಂಬ ಕರಕಿ ಹುಲ್ಲು ಬೆಳೆಯಿತು. “ಚಕ್ಕಡಿ ನಿಂತೈತಿ. ಮಾತು ಅಂದ್ರ ಮಾತು. ಸೋಮಾರ ಕೂರಿಗಿ ಹೂಡ್ತೇನಿ,” ಎಂದು ಶ್ರೀಶೈಲಪ್ಪ ಊರಲ್ಲಿ ಹೇಳಿ ಕಳಿಸಿದರು. ಒಮ್ಮೆ ಬಿಳಿಜೋಳ ಬಿತ್ತಿದರೆ ಅಲ್ಲಿ ದಾರಿಯಿತ್ತು ಎನ್ನಲು ಗುರುತೇ ಉಳಿಯುತ್ತಿರಲಿಲ್ಲ.

ಸುದ್ದಿ ತಂದು ಚಂದ್ರಾಮ ಗೋಡೆಗೆ ಒರಗಿ ಕೂತ. ಊಟ ಬೇಡವೆಂದ. ಗುಂಡವ್ವ ತಾಟು ಎತ್ತಿಡುತ್ತ, “ಎತ್ತಿಲ್ಲಂದ್ರ ಏನಾತು? ನಾವಿಲ್ಲೇನು?” ಎಂದಳಂತೆ. ತಮಾಷೆ ಎಂದುಕೊಂಡು ಅವನು ನಕ್ಕ. ಆಕೆ ನಗಲಿಲ್ಲ.

ಸೋಮವಾರ ಬೆಳಗಿನ ಮಬ್ಬಿನಲ್ಲಿ, ಊರು ಏಳುವ ಮೊದಲು, ಗಂಡ ಹೆಂಡತಿ ಇಬ್ಬರೂ ನೊಗಕ್ಕೆ ಹೆಗಲು ಕೊಟ್ಟು ಖಾಲಿ ಚಕ್ಕಡಿಯನ್ನು ಪಟ್ಟಿಯೊಳಗೆ ಎಳೆದರು. ಹಿಂದಿನ ದಿನ ಮಳೆಯಾಗಿತ್ತು. “ಕಾಲಿಗೆ ಬುಟ್ಟಿಗಟ್ಲೆ ಎರಿ ಅಂಟ್ಕೊಂಡಿತ್ರಿ,” ಎಂದು ಗುಂಡವ್ವ ನೆನೆಯುತ್ತಾಳೆ. “ನಗೀನೂ ಬಂತು, ಅಳೂನೂ ಬಂತು, ಗಾಲಿ ಒಂದು ಬರವಲ್ದಾಗಿತ್ತು. ನಡುವ ಒಮ್ಮಿ ಇವ್ರಿಗೆ ಸಿಟ್ಟು ಬಂದು, ಸರಿಯಾಗಿ ಎಳಿ ಅಂತ ನನಗ ಬಾರಕೋಲು ತೋರಿಸಿದ್ರು ನೋಡ್ರಿ!” ಈ ಮಾತು ಬಂದಾಗಲೆಲ್ಲ ಚಂದ್ರಾಮ ಆಚೆ ತಿರುಗಿ ಎತ್ತಿನ ಮೈ ಸವರತೊಡಗುತ್ತಾನೆ. ಅಂದು ಒಳಗಿನ ತುದಿಯಲ್ಲಿ ತಿರುಗಿಸಿ ಮತ್ತೆ ಹೊರಗೆ ತರುವಷ್ಟರಲ್ಲಿ ಇಬ್ಬರ ಹೆಗಲೂ ಬಾತುಹೋಗಿದ್ದವು. ಹಿಂದೆ ನೋಡಿದರೆ ಕರಕಿಯ ನಡುವೆ ಎರಡು ಗೆರೆ ಎದ್ದು ಕಾಣುತ್ತಿದ್ದವು. ಬಡಜೀವಗಳಿಗೆ ಅಷ್ಟೇ ಸಾಕಾಗಿತ್ತು.

ಹೊತ್ತೇರಿದ ಮೇಲೆ ಶ್ರೀಶೈಲಪ್ಪ ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟಿಸಿಕೊಂಡು ಬಂದರು. ಗೆರೆ ಕಂಡು ಕೆಳಗಿಳಿದರು. ಒಬ್ಬರೇ ಪಟ್ಟಿಯ ಕೊನೆಯ ತನಕ ನಡೆದು ಹೋಗಿ ಬಂದರು. ಡ್ರೈವರನಿಗೆ ಕೈಸನ್ನೆ ಮಾಡಿ ಕೂರಿಗೆಯನ್ನು ಅಂಚಿನಲ್ಲೇ ತಿರುಗಿಸಿದರು. ರಸ್ತೆಯಾಚೆ ಗಿಡದ ಮರೆಯಲ್ಲಿ ಕೂತು ನೋಡುತ್ತಿದ್ದ ಚಂದ್ರಾಮನಿಗೆ ಸಾವಕಾರರು ನಂಬಿದರು ಎಂದು ಜೀವ ಬಂದಂತಾಯಿತು.

ಎರಡು ತಿಂಗಳ ಮೇಲೆ ಎಳ್ಳಮಾಸಿ ಬಂತು, ಎಳ್ಳು ಅಮಾವಾಸ್ಯೆಯ ಹಬ್ಬ. ಅಂದು ಈ ಸೀಮೆಯಲ್ಲಿ ಯಾರ ಮನೆಯಲ್ಲೂ ಒಲೆಯ ಮುಂದೆ ಊಟವಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಕರೆದವರ ಹೊಲದಲ್ಲೆಲ್ಲ ಉಣ್ಣಬೇಕು. ಕರೆದರೆ ಒಲ್ಲೆ ಎನ್ನುವಂತಿಲ್ಲ. ಸುನಂದಾ ಧೈರ್ಯ ಮಾಡಿ ಶ್ರೀಶೈಲಪ್ಪನವರನ್ನು ಕರೆದಳು. ಜಗಳವಾದ ಮೇಲೆ ಮೊದಲ ಸಲ ಅವರು ಒಳಗಿನ ಹೊಲಕ್ಕೆ ಬಂದು ಲಿಂಬೆಗಿಡದ ನೆರಳಿನಲ್ಲಿ ಪಂಕ್ತಿಗೆ ಕೂತರು. ಗುಂಡವ್ವ ಸಜ್ಜಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತಿದ್ದಳು. ಚಂದ್ರಾಮ ಎದುರಿಗೇ ಕೂತಿದ್ದ.

“ಅಲ್ಲೋ ಚಂದ್ರಾಮ,” ಎಂದರು ಶ್ರೀಶೈಲಪ್ಪ ರೊಟ್ಟಿ ಮುರಿಯುತ್ತ. “ನಿನ್ನ ಎತ್ತಿಗೆ ಗೊರಸು ಇರಂಗಿಲ್ಲೇನು?”

ಚಂದ್ರಾಮನ ತುತ್ತು ಕೈಯಲ್ಲೇ ಉಳಿಯಿತು. ಗೆರೆ ಮೂಡಿಸಿದ ಸಂಭ್ರಮದಲ್ಲಿ ಗಂಡ ಹೆಂಡತಿ ಇಬ್ಬರೂ ಅದೊಂದನ್ನು ಮರೆತೇಬಿಟ್ಟಿದ್ದರು.

“ಗಾಲಿ ಗೆರಿ ನಡುವ ನೋಡಿದ್ನಿ. ದೊಡ್ಡ ಪಾದ ಎರಡು, ಸಣ್ಣ ಪಾದ ಎರಡು. ಗೊರಸು ಒಂದೂ ಇಲ್ಲ.”

ಸುನಂದಾಳ ಮುಖ ಬಿಳಿಚಿಕೊಂಡಿತು. ಗುಂಡವ್ವ ಪಲ್ಯದ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಚಂದ್ರಾಮ ತಲೆ ತಗ್ಗಿಸಿ, “ತಪ್ಪಾತ್ರಿ ಸಾವಕಾರ್ರ,” ಎಂದ.

“ತಪ್ಪು ಯಾದೋ? ಚಕ್ಕಡಿ ನಡಿಬೇಕು ಅಂದಿದ್ನಿ. ಎತ್ತುಗೋಳ ಎಳೀಬೇಕು ಅಂತ ನಾ ಎಲ್ಲಿ ಅಂದೇನಿ?” ಎಂದು ಶ್ರೀಶೈಲಪ್ಪ ತಾಟು ಮುಂದೆ ಸರಿಸಿದರು. “ಗುಂಡವ್ವಾ, ಇನ್ನೊಂದು ರೊಟ್ಟಿ ಹಾಕ ನೋಡೂಣು.”

ಗುಂಡವ್ವ ಒಂದಕ್ಕೆ ಎರಡು ಹಾಕಿ, ಸೆರಗು ಬಾಯಿಗೆ ಒತ್ತಿಕೊಂಡು ಗಿಡದ ಹಿಂದೆ ಹೋದಳು.

ಕೂರಿಗೆ ಏಕೆ ತಿರುಗಿಸಿದಿರಿ ಎಂದು ಈಗ ಕೇಳಿದರೆ ಶ್ರೀಶೈಲಪ್ಪ, “ಆ ಪಾದದ ಮ್ಯಾಲ ಬಿತ್ತಿದ್ರ ಆ ಜ್ವಾಳ ನಾನ ಉಣಬೇಕಾಗಿತ್ತಲ್ರಿ,” ಎನ್ನುತ್ತಾರೆ. ಹಾಗಾದರೆ ಟ್ರ್ಯಾಕ್ಟರಿಗೂ ದಾರಿ ಬಿಡುತ್ತೀರಾ? “ಅದು ಬ್ಯಾರೆ ಮಾತು. ಅದನ್ನ ತೆಗೀಬ್ಯಾಡ್ರಿ.” ಬಿಡುವವರೇ ಅಲ್ಲ ಅವರು.

ಒಳಗಿನ ಹೊಲದವರೆಲ್ಲ ಕೂಡಿ ಚಡಚಣದ ಕಡೆಯಿಂದ ಒಂದು ಎಳೆಯ ಎತ್ತು ತಂದು ಚಂದ್ರಾಮನ ಕೊಟ್ಟಿಗೆಯಲ್ಲಿ ಕಟ್ಟಿದ್ದಾರೆ. ರೋಗದಿಂದ ಎದ್ದುನಿಂತ ಹಳೆಯದು ಅದಕ್ಕೆ ಜೊತೆ. ಎಳೆಯದು ಮುಂದೆ ಜಗ್ಗುತ್ತದೆ, ಹಳೆಯದು ಹಿಂದೆ ಉಳಿಯುತ್ತದೆ, ಚಂದ್ರಾಮ ಎರಡನ್ನೂ ಬೈಯುತ್ತ ನಡುವೆ ಸಾಗುತ್ತಾನೆ. ಆದರೆ ಅವನ ಮೊಣಕಾಲು ಈಗೀಗ ಮಾತು ಕೇಳುತ್ತಿಲ್ಲ. ಮುಂದೆ ಚಕ್ಕಡಿ ಹೊಡೆಯುವವರು ಯಾರು ಎಂಬ ಮಾತನ್ನು ಒಳಗಿನ ಹೊಲದವರು ಅವನ ಮುಂದೆ ಆಡುವುದಿಲ್ಲ, ಬೆನ್ನ ಹಿಂದೆ ದಿನಾ ಆಡುತ್ತಾರೆ. ಇಷ್ಟರಲ್ಲಿ ಸುನಂದಾ ದಾರಿಗಾಗಿ ಮತ್ತೆ ಅರ್ಜಿ ಹಾಕಿದ್ದಾಳೆ. ಶ್ರೀಶೈಲಪ್ಪನವರಿಗೆ ಬದಲಿ ಜಾಗ ಬಿಟ್ಟುಕೊಡಲು ತಯಾರಿದ್ದೇನೆ ಎಂದು ಹೇಳಿ ಕಳಿಸಿದ್ದಾಳೆ. ಅವರು ಹೂಂ ಎಂದಿಲ್ಲ. ಈ ಸಲ ಉಹೂಂ ಎಂದೂ ಅಂದಿಲ್ಲ.

ದಾರಿಯಾಗಿ ಟ್ರ್ಯಾಕ್ಟರು ಬಂದರೆ ಚಂದ್ರಾಮನ ಕೆಲಸ ಹೋಗುತ್ತದೆ. ಇದು ಅವನಿಗೂ ಗೊತ್ತು. ಆರಿಫನ ಟೆಂಪೊ ಇಂಡಿಯ ಕಡೆಗೆ ಹೊರಟ ಮೇಲೆ, ಎತ್ತುಗಳನ್ನು ತಿರುಗಿಸುತ್ತ, ನಿನಗೇನು ಬೇಕು ಎಂಬ ಪ್ರಶ್ನೆಗೆ ಅವನು ನಿಧಾನವಾಗಿ ಉತ್ತರಿಸುತ್ತಾನೆ.

“ಈ ಚಕ್ಕಡಿ ಎಲ್ಲಾರಿಗೂ ಬ್ಯಾಡಾಗಬೇಕ್ರಿ. ಚಂದ್ರಾಮನ್ನ ಯಾರೂ ಕರೀಬಾರದು. ಅವತ್ತ ದಾರಿ ಆತು ಅಂತ ತಿಳ್ಕೊಂಡು ನಿದ್ದಿ ಮಾಡ್ತೇನಿ. ಅಲ್ಲೀತನಕ ನೊಗ ಕೆಳಗ ಇಡಂಗಿಲ್ಲ.”