ಶಂಭುಲಿಂಗಪ್ಪನವರ ತಲೆಬಿಸಿ

ನರಸೀಪುರದ ಬೆಲ್ಲದ ವ್ಯಾಪಾರಿ ಶಂಭುಲಿಂಗಪ್ಪನವರಿಗೆ ಲಕ್ವ ಹೊಡೆದು ಕೈ, ಕಾಲು, ಬಾಯಿ ಮೂರೂ ಒಟ್ಟಿಗೆ ಅಂಗಡಿ ಮುಚ್ಚಿದ್ದು ಎರಡು ಸಾವಿರದ ಏಳರಲ್ಲಿ. ಕಣ್ಣು ತೆರೆದಿರುತ್ತಿತ್ತು, ಆದರೆ ಅದೂ ಅವರ ಮಾತು ಕೇಳುತ್ತಿರಲಿಲ್ಲ. ಬುದ್ಧಿಯೊಂದು ಮಾತ್ರ ಒಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇತ್ತು.

ಅವರನ್ನು ಮಾತಾಡಿಸಲು ಮೈಸೂರಿನಿಂದ ರಂಜಿನಿ ಎಂಬ ಇಂಜಿನಿಯರ್ ಹುಡುಗಿ ಒಂದು ಟೋಪಿ ತಂದಳು. ಅದರ ತುಂಬ ಪುಟ್ಟ ದೀಪಗಳು. ಅವುಗಳ ಬೆಳಕು ಬುರುಡೆ ದಾಟಿ, ಮಿದುಳಿನ ರಕ್ತ ನೋಡಿಕೊಂಡು ವಾಪಸ್ಸು ಬಂದು ಸುದ್ದಿ ಹೇಳುತ್ತದಂತೆ.

"ಹೌದು ಅನ್ನೋಕೆ ಮನಸ್ಸಲ್ಲೇ ಮಗ್ಗಿ ಹೇಳಿ ಸರ್. ಇಲ್ಲ ಅನ್ನೋಕೆ ಏನೂ ಯೋಚಿಸದೆ ಸುಮ್ಮನಿದ್ದುಬಿಡಿ."

ಕೂದಲು ಬೆಳಕಿಗೆ ಅಡ್ಡ ಎಂದು ಮೊದಲೇ ಫೋನಿನಲ್ಲಿ ಹೇಳಿದ್ದಳು. ಹಾಗಾಗಿ ಹೆಂಡತಿ ಸಿದ್ದಲಿಂಗಮ್ಮ ಗಂಡನನ್ನು ನಂಜನಗೂಡಿಗೆ ಕರೆದೊಯ್ದು ಮುಡಿ ಕೊಡಿಸಿದ್ದರು. ವಿಜ್ಞಾನಕ್ಕೂ ಆಯಿತು, ನಂಜುಂಡನಿಗೂ ಆಯಿತು. ಬೋಳುತಲೆಗೆ ಗಂಧ ಬಳಿಯುವುದು ವಾಡಿಕೆ. ಮೇಲೆ ದೀಪ ಹಚ್ಚುತ್ತಾರೆಂದ ಮೇಲೆ ತಂಪಿಗಿರಲಿ ಎಂದು ಬೆರಳು ದಪ್ಪ ಮೆತ್ತಿದರು.

"ಅಮ್ಮಾ, ಇದನ್ನ ತೊಳೆದುಬಿಡೋಣ."

"ದ್ಯಾವ್ರ ಗಂಧ ಕಣವ್ವ, ತಾನಾಗೇ ಉದುರ್ಬೇಕು. ತಲೆಗೇನೂ ಆಗ್ಬಾರ್ದು ಅಂತಾನೇ ಆಕಿರೋದು."

ಗಂಧದ ಮೇಲೇ ಟೋಪಿ ಕೂತಿತು. ಹೋದ ಬೆಳಕು ವಾಪಸ್ಸು ಬರಲಿಲ್ಲ. ರಂಜಿನಿ ಗುಂಡಿ ತಿರುಗಿಸಿ ಬೆಳಕು ಏರಿಸಿದಳು, ಇನ್ನೂ ಏರಿಸಿದಳು. ಕೆಂಪು ಗೀಟು ದಾಟಬಾರದೆಂಬುದು ನಿಯಮ. ದಾಟಿದರೆ ರೋಗಿಯನ್ನೇ ಕೇಳಬೇಕೆಂಬುದೂ ನಿಯಮ. ದಾಟಿದಳು. ಗಂಧ ಒಣಗಿ ರೊಟ್ಟಿ ಹೆಂಚಿನಂತೆ ಕಾಯತೊಡಗಿತು.

"ಆರಾಮಾಗಿದ್ದೀರಾ ಸರ್?"

ಇಲ್ಲ ಎನ್ನಬೇಕು, ಎನ್ನಲು ಸುಮ್ಮನಿರಬೇಕು. ನೆತ್ತಿ ಸುಡುವಾಗ ಏನೂ ಯೋಚಿಸದಿರುವುದು ಋಷಿಗಳಿಗೇ ಕಷ್ಟ, ಇನ್ನು ಬೆಲ್ಲದ ವ್ಯಾಪಾರಿಯ ಪಾಡೇನು? ಒಳಗೊಳಗೇ ಬೊಬ್ಬೆ ಹಾಕಿದರು. ಯಂತ್ರದ ಪರದೆಯ ಮೇಲೆ 'ಹೌದು' ಎಂದು ಮೂಡಿತು.

"ಇನ್ನೂ ಸ್ವಲ್ಪ ಜಾಸ್ತಿ ಮಾಡ್ಲಾ?"

'ಹೌದು.'

"ಟೋಪಿ ಇಷ್ಟ ಆಯ್ತಾ?"

'ಹೌದು, ಹೌದು.'

ರಂಜಿನಿ ಹಿಗ್ಗಿ ಹೀರೇಕಾಯಿಯಾದಳು. ಸಿದ್ದಲಿಂಗಮ್ಮ ಮಾತ್ರ ದಡಕ್ಕನೆ ಎದ್ದರು.

"ಬಿಚ್ಚವ್ವಾ ಅದ್ನ! ಇಷ್ಟು ವರ್ಸ ಸಂಸಾರ ಮಾಡಿವ್ನಿ, ಕಾಪಿ ಚೆನ್ನಾಗೈತಾ ಅಂದ್ರೂ ಹೌದು ಅಂದೋರಲ್ಲ. ಒಂದೇ ಸಮ ಹೌದು ಅಂತಾವ್ರೆ ಅಂದ್ರೆ ಪ್ರಾಣಕ್ಕೇ ಬಂದೈತೆ!"

ಟೋಪಿ ಎತ್ತಿದರೆ, ಒಳಗೆ ಹಾಕಿದ ಬೊಬ್ಬೆ ನೆತ್ತಿಯ ಮೇಲೆ ಎದ್ದಿತ್ತು. ಸಿದ್ದಲಿಂಗಮ್ಮನೇ, ವಾಡಿಕೆ ಗೀಡಿಕೆ ನೋಡದೆ, ಚೊಂಬುಗಟ್ಟಲೆ ನೀರು ಸುರಿದು ಗಂಧ ತೊಳೆದರು.

ಗಾಯ ಮಾಯ್ದ ಮೇಲೆ ರಂಜಿನಿ ತಲೆ ತಗ್ಗಿಸಿಕೊಂಡು ಬಂದು, ಬೆಳಕನ್ನೂ ತಗ್ಗಿಸಿ ಟೋಪಿ ಹಾಕಿದಳು. ಸಿದ್ದಲಿಂಗಮ್ಮ ಟೋಪಿಯ ಅಂಚಿನೊಳಗೆ ಬೆರಳು ತೂರಿಸಿಕೊಂಡೇ ಕಾವಲು ನಿಂತರು.

"ಸರ್, ಇನ್ಮೇಲೆ ದಿನಾ ಇದನ್ನ ಹಾಕ್ಕೊಳ್ತೀರಾ?"

ಶಂಭುಲಿಂಗಪ್ಪನವರ ಮನಸ್ಸು ಕೆರೆಯ ನೀರಿನಂತೆ ತಣ್ಣಗೆ ನಿಂತಿತು.

'ಇಲ್ಲ.'

"ಇವ್ರೇ ಕಣವ್ವ ನಮ್ ಯಜಮಾನ್ರು!" ಸಿದ್ದಲಿಂಗಮ್ಮ ಕುಣಿಯುವುದೊಂದು ಬಾಕಿ.

ಯಂತ್ರ ಸರಿಯಾಗಿದೆ ಎಂದು ಸಾಬೀತಾಯಿತು. ಆದ್ದರಿಂದ ಅದನ್ನು ಬಿಚ್ಚಿ ಡಬ್ಬಕ್ಕೆ ತುಂಬಬೇಕಾಯಿತು.