ಅಪ್ಪನ ಕೈಗೆ ಕೊಟ್ಟ ಹಗ್ಗದ ಸರ್ಟಿಫಿಕೇಟು

"ಹಗ್ಗದಲ್ಲಿ ಜೀಪ್ ಎಳೆಯಾದಾ? ಅದು ದನ ಕಟ್ಟಕ್ಕೆ ಸರಿ, ಆಗದ ಮಾತು ಬಿಡ್ಲಾ" ಎಂದವನು ನನ್ನ ಅಪ್ಪ. ಕರಿಕೆ ಊರಿನ ಕಡೆಯ ಕೆಸರಲ್ಲಿ ಹೂತ ಜೀಪುಗಳನ್ನು ಕೇಬಲ್ ಸುತ್ತುವ ವಿಂಚ್ ಯಂತ್ರದಿಂದ ಎಳೆಯುವುದೇ ಅವನ ಕಸುಬು. ಒಮ್ಮೆ ಆ ಉಕ್ಕಿನ ಕೇಬಲ್ ತುಂಡಾಗಿ ಬೀಸಿ ಅವನ ಎಡಗಣ್ಣು ಹೋಯಿತು. ಆಮೇಲೂ ಅದೇ ಕೇಬಲ್ಲಿನ ತುಂಡುಗಳನ್ನು ಕ್ಲಾಂಪ್ ಹಾಕಿ ಜೋಡಿಸಿ, ಮತ್ತೆ ಬೀಸದಿರಲೆಂದು ಮೇಲೊಂದು ಒದ್ದೆ ಕಾಫಿ ಚೀಲ ಹೊದಿಸಿ ಎಳೆಯುತ್ತಿದ್ದ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಕೇಬಲ್ ಬಿಟ್ಟು ಹಗ್ಗ ಹಾಕೆಂದು ಮೂರು ಮಳೆಗಾಲ ವಾದಿಸಿ ಸುಸ್ತಾದೆ. ಕೊನೆಗೆ ಸಿಂಥೆಟಿಕ್ ಹಗ್ಗವನ್ನೇ ತಂದೆ. ಅದು ತುಂಡಾದರೂ ಕೇಬಲ್ಲಿನಷ್ಟು ಬಲವಾಗಿ ಬೀಸಿ ಹೊಡೆಯುವುದಿಲ್ಲ. ಎಷ್ಟು ಭಾರ ತಡೆಯುತ್ತದೆಂದು ಕಂಪನಿಯವರು ಪರೀಕ್ಷಿಸಿ ಕೊಟ್ಟ ಸರ್ಟಿಫಿಕೇಟನ್ನು ಅಪ್ಪನ ಕೈಗಿತ್ತೆ. ಓದು ಬಾರದ ಅಪ್ಪ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ.

"ಇದ್ನ ಪೂರ್ತಿ ಓದಿದೀಯಾ?"

"ಓದಿದೀನಪ್ಪಾ."

"ಹಂಗಾದ್ರೆ ಆ ಕೇಬಲ್ ಬಿಚ್ಚಾಕು. ನಂಗುಳಿದಿರಾದು ಒಂದೇ ಕಣ್ಣು ಮಗಾ."